ಬಾಣ ಅಂಟಿಸಿದ ಮುಲಾಮು

ಊರೆಲ್ಲ ಮಲಗಿದ ಹೊತ್ತಿನಲ್ಲಿ ಅಡುಗೆಮನೆಯ ಫ್ರಿಜ್ಜು ‘ಪಚ್’ ಎಂದಿತು. ಬಾಗಿಲಿನ ರಬ್ಬರು ಬಿಟ್ಟುಕೊಳ್ಳುವ ಸಣ್ಣ ಸದ್ದು. ಕಿವಿಗೊಟ್ಟವರಿಗೆ ಮಾತ್ರ ಕೇಳುವಂಥದ್ದು. ಆ ಮನೆಯ ಸೊಸೆ ಕಿವಿಗೊಡದೆ ಮಲಗಿದ ರಾತ್ರಿಯೇ ಇರಲಿಲ್ಲ. ಗ್ಯಾಸ್ ಆರಿಸಿದೆನೇ, ನಲ್ಲಿ ತಿರುಗಿಸಿದೆನೇ, ಹಿಂಬಾಗಿಲ ಚಿಲಕ ಬಿದ್ದಿದೆಯೇ ಎಂದು ಮಲಗಿದಲ್ಲೇ ಇಡೀ ಮನೆ ಸುತ್ತಿ ಬರುವ ಜೀವ ಅದು. ಕಳ್ಳನಾದರೆ ಫ್ರಿಜ್ಜು ಯಾಕೆ ತೆಗೆಯುತ್ತಾನೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಅಷ್ಟರಲ್ಲಿ ಅತ್ತೆಯ ಚಪ್ಪಲಿಯ ಸರಬರ ಕೇಳಿಸಿತು.

ಜಾಮ್! ಅವಳಿಗೆ ಥಟ್ಟನೆ ಹೊಳೆಯಿತು. ಸಕ್ಕರೆ ಕಾಯಿಲೆ ಇದೆ, ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ತಿಂಗಳು ತುಂಬಿಲ್ಲ, ಆದರೂ ಕದ್ದು ಜಾಮ್ ತಿನ್ನುತ್ತಿದ್ದಾರೆ. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಎಬ್ಬಿಸಲೇ ಎಂದುಕೊಂಡು ಬೇಡವೆಂದು ಬಿಟ್ಟಳು. ಬೆಳಿಗ್ಗೆ ಎದ್ದವಳೇ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದಳು. ಮೇಲೆ ಚಮಚದ ಹಳೆಯ ಗೆರೆ ಹಾಗೇ ಇತ್ತು. ಒಂದು ಬೆರಳಿನಷ್ಟೂ ಇಳಿದಿರಲಿಲ್ಲ.

ಗೆರೆ ನೋಡುವುದು ಅವಳ ಕಸುಬೇ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರಡಿ, ಹೊಲಿಗೆ ಎಲ್ಲಿ ಹಾರಿದೆ, ಗುಂಡಿ ಎಲ್ಲಿ ಸೊಟ್ಟಗಿದೆ ಎಂದು ಹುಡುಕಿ, ಊನವಿದ್ದಲ್ಲಿ ಒಂದು ಪುಟ್ಟ ಕೆಂಪು ಬಾಣದ ಸ್ಟಿಕರ್ ಅಂಟಿಸಬೇಕು. ಬಾಣ ಬಿದ್ದ ಅಂಗಿ ಅಂಗಡಿಗೆ ಹೋಗುವುದಿಲ್ಲ, ಕೆಲಸದವರಿಗೆ ಅಗ್ಗಕ್ಕೆ ಸಿಗುತ್ತದೆ. ಹಾಗಾಗಿ ಆ ಮನೆಯಲ್ಲಿ ಎಲ್ಲರ ಮೈಮೇಲೂ ಬಾಣದ ಬಟ್ಟೆಯೇ. ಒಮ್ಮೆ ಗಂಡ ಸ್ಟಿಕರ್ ಕೀಳುವುದನ್ನು ಮರೆತು, ಕುತ್ತಿಗೆಯ ಕಡೆಗೆ ಬೆರಳು ತೋರುವ ಬಾಣದ ಸಮೇತ ಆಫೀಸಿಗೆ ಹೋಗಿಬಂದಿದ್ದ. “ತಲೇಲೇ ಏನೋ ಐಬಿದೆ ಅಂತ ಹೆಂಡತಿ ಗುರುತು ಹಾಕಿ ಕಳ್ಸಿದ್ದಾಳೆ ಅಂದ್ರು ಕಣೆ,” ಎಂದು ಅವನೇ ಹೇಳಿಕೊಂಡು ನಕ್ಕಿದ್ದ.

ಆ ರಾತ್ರಿಗೆ ಕೆಲವು ವಾರ ಮುಂಚೆ ಈ ಮನೆಗೆ ಹಿಂಬದಿಯ ಗೋಡೆ ಹಾರಿ ಬಂದದ್ದು ಒಂದು ಬೀದಿ ಬೆಕ್ಕು. ಬೂದು ಬಣ್ಣ, ಕಡ್ಡಿಯಂಥ ಮೈ. ಎಡಗಣ್ಣಿನಿಂದ ಸದಾ ನೀರು, ಬೆಳಗಾದರೆ ರೆಪ್ಪೆಗಳು ಪಿಸುರು ಕಟ್ಟಿ ಅಂಟಿಕೊಂಡಿರುತ್ತಿದ್ದವು. ಸೊಸೆ ಬಿಸಿನೀರಲ್ಲಿ ಹತ್ತಿ ಅದ್ದಿ ಒರೆಸಿದರೆ ಕಣ್ಣು ತೆರೆದು ಮಿಟುಕಿಸುತ್ತಿತ್ತು. ಅದಕ್ಕೇ ‘ಪಿಳಿಪಿಳಿ’ ಎಂದು ಕರೆದಳು. ಅತ್ತೆ ಕರೆದದ್ದು ‘ಒಕ್ಕಣ್ಣಿ’.

“ಮನೇಲಿ ಒಂದು ಕಣ್ಣಿನ ರೋಗಿ ಇರೋದು ಸಾಲ್ದಾ? ಅದನ್ನ ಒಳಗೆ ಬಿಟ್ಕೋಬೇಡ. ನಂಗೆ ಬೆಕ್ಕು ಕಂಡ್ರಾಗಲ್ಲ.”

“ಹಿಂದಿನ ವರಾಂಡದಲ್ಲೇ ಇರುತ್ತೆ, ಅತ್ತೆ. ನಿಮ್ಮ ತಂಟೆಗೆ ಬರಲ್ಲ.”

ಕಣ್ಣು ವಾಸಿಯಾಗುವುದು, ಮತ್ತೆ ಸೋರುವುದು, ಹೀಗೇ ನಡೆಯಿತು. ಕೊನೆಗೆ ಸೊಸೆ ಅದನ್ನು ಬುಟ್ಟಿಯಲ್ಲಿಟ್ಟು ಪ್ರಾಣಿಗಳ ಡಾಕ್ಟರ ಬಳಿ ಕೊಂಡೊಯ್ದಳು. ಡಾಕ್ಟರು ನೇರ ಮಾತಿನ ಹೆಂಗಸು. ಕಣ್ಣಿಗೆ ಬಣ್ಣದ ಹನಿ ಬಿಟ್ಟು, ಕೋಣೆ ಕತ್ತಲು ಮಾಡಿ ನೀಲಿ ದೀಪ ಹಿಡಿದರು. ಕಪ್ಪುಗುಡ್ಡೆಯ ಮೇಲೆ ಉಗುರಿನ ಗೀರಿನಂಥದ್ದು ಹಸಿರಾಗಿ ಹೊಳೆಯಿತು.

“ನೋಡಿ, ಗಾಯ. ಮರಿಯಾಗಿದ್ದಾಗ ಬಂದ ನೆಗಡಿ ಇವುಗಳ ಮೈಯಲ್ಲೇ ಕೂತಿರುತ್ತೆ, ಆಗಾಗ ಕಣ್ಣಿಗೆ ಬರುತ್ತೆ. ಈ ಮುಲಾಮು ಹಾಕಿ, ಒಂದು ಹೊತ್ತೂ ತಪ್ಪಿಸಬೇಡಿ. ಗಾಯ ಆಳಕ್ಕೆ ಇಳಿದ್ರೆ ಕಣ್ಣೇ ತೆಗೀಬೇಕಾಗುತ್ತೆ.”

ಯಾವ ಯಾವ ಹೊತ್ತಿಗೆ ಎಂದು ಸೊಸೆ ಎರಡೆರಡು ಸಲ ಕೇಳಿಕೊಂಡಳು. ಮನೆಗೆ ಬಂದು ಮುಲಾಮನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟಳು. ಪಕ್ಕದಲ್ಲೇ ಅತ್ತೆಯ ಕಣ್ಣಿನ ಹನಿ ಇತ್ತು. ಮಂಜುಗಣ್ಣಿನ ಅತ್ತೆ ಎಲ್ಲಿ ಬೆಕ್ಕಿನ ಮದ್ದನ್ನು ತಾವು ಹಾಕಿಕೊಂಡುಬಿಡುತ್ತಾರೋ ಎಂಬ ದಿಗಿಲು ಹುಟ್ಟಿತು. ಜೇಬಿನಲ್ಲಿ ಉಳಿದಿದ್ದ ಒಂದು ಕೆಂಪು ಬಾಣವನ್ನು ಮುಲಾಮಿಗೆ ಅಂಟಿಸಿ ಕೂಗಿ ಹೇಳಿದಳು, “ಅತ್ತೆ, ಬಾಣ ಇರೋದನ್ನ ಮುಟ್ಟಬೇಡಿ!”

“ಹೂಂ, ಹೂಂ, ಬಾಣ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ,” ಎಂದರು ಅತ್ತೆ.

ಹೊತ್ತು ತಪ್ಪಿಸದೆ ಮುಲಾಮು ಹಾಕಿದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ, ಸಂಜೆ ಬಂದ ಕೂಡಲೇ, ರಾತ್ರಿ ಮಲಗುವ ಮುಂಚೆ. ಬೆಕ್ಕು ಕೈಯೆಲ್ಲ ಪರಚಿತು. ಆದರೂ ಕಣ್ಣು ಕೆಂಪಗಾಗುತ್ತಲೇ ಹೋಯಿತು. ಗುಡ್ಡೆಯ ಮೇಲೆ ಮಜ್ಜಿಗೆಯ ತೊಟ್ಟು ಬಿದ್ದಂತೆ ಬಿಳುಪು ಕಟ್ಟಿತು. ಮತ್ತೆ ತೋರಿಸಿದಾಗ ಹಸಿರು ಗೀರು ಅಗಲವಾಗಿತ್ತು. “ವಿಚಿತ್ರ. ಇಷ್ಟು ಹೊತ್ತಿಗೆ ಮಾಯಬೇಕಿತ್ತು,” ಎಂದ ಡಾಕ್ಟರು ಅವಳ ಮುಖ ನೋಡಿದರು. “ಇನ್ನೊಂದು ವಾರ ನೋಡೋಣ. ಆಗಲಿಲ್ಲ ಅಂದ್ರೆ ಆಪರೇಷನ್ನೇ ಗತಿ.”

ಆ ವಾರದಲ್ಲೇ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಕರೆಂಟು ಕೈಕೊಟ್ಟಿತು. ಎಲ್ಲರನ್ನೂ ಬೇಗ ಬಿಟ್ಟರು. ಅವಳು ಸದ್ದಿಲ್ಲದೆ ಬೀಗ ತೆಗೆದು ಒಳಗೆ ಬಂದಳು, ಅತ್ತೆ ಮಲಗಿರಬಹುದೆಂದು. ಆದರೆ ಮಾತು ಕೇಳಿಸುತ್ತಿತ್ತು. ಹಿಂದಿನ ವರಾಂಡದಲ್ಲಿ, ಬೆನ್ನು ಈ ಕಡೆಗೆ ಮಾಡಿ, ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಪಿಳಿಪಿಳಿ. ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ತಮ್ಮದೇ ಹನಿಯ ಬಾಟಲಿ.

“ಇರೇ ನನ್ನ ಬಂಗಾರ, ಅಲ್ಲಾಡಬೇಡ. ಮೊದ್ಲು ಆ ಮೇಣದಂಥದ್ದನ್ನ ಒರೆಸಿಬಿಡೋಣ. ನನ್ನ ಸೊಸೆ ಕೆಟ್ಟವಳಲ್ಲ ಕಣೆ. ಬೀದಿ ಬೆಕ್ಕಿಗೆ ತಾನೇ ಅಂತ ಎಲ್ಲೋ ಅಗ್ಗದ ಮಾಲು ತಂದಿದ್ದಾಳೆ. ತಾನೇ ಬಾಣ ಅಂಟ್ಸಿದಾಳೆ, ನಂಗೆ ಮುಟ್ಟಬೇಡಿ ಅಂತಾಳೆ, ನಿಂಗೆ ಮಾತ್ರ ಮೆತ್ತುತಾಳೆ! ಹೋಗ್ಲಿ, ಕೇಳಿದ್ರೆ ಮುಖ ಸಣ್ಣದು ಮಾಡ್ಕೋತಾಳೆ. ಇದು ನನ್ನ ಹನಿ, ಒಳ್ಳೇ ಮಾಲು. ನಾನು ಹೇಗೆ ಸೂಜಿಗೆ ದಾರ ಪೋಣಿಸೋ ಹಾಗಾದೆ ನೋಡು. ನೀನೂ ಆಗ್ತೀಯ.”

ಸೊಸೆ ಬಾಗಿಲ ಮರೆಯಲ್ಲೇ ನಿಂತಳು. ರಾತ್ರಿಯ ಆ ‘ಪಚ್’, ಇಳಿಯದ ಜಾಮ್, ಒರೆಸಿಹೋಗುತ್ತಿದ್ದ ಮುಲಾಮು, ಎಲ್ಲ ಒಟ್ಟಿಗೆ ಅರ್ಥವಾಯಿತು. ಓಡಿಹೋಗಿ ಬಾಟಲಿ ಕಸಿದುಕೊಳ್ಳಬೇಕೆನಿಸಿತು. ಆದರೆ ಅತ್ತೆ ಬೆಕ್ಕಿನ ಸೊಟ್ಟ ಕಿವಿಯ ತಲೆಯನ್ನು ಸವರುತ್ತಿದ್ದ ಬಗೆ ನೋಡಿ ಮನಸ್ಸು ಬರಲಿಲ್ಲ. ಬಾಟಲಿ ಇನ್ನೂ ಬಗ್ಗಿರಲಿಲ್ಲ. ಅವಳು ಬೆಕ್ಕಿನಂತೆಯೇ ಹಿಂದಕ್ಕೆ ಸರಿದು ಬೀದಿಗೆ ಬಂದು, ಕರೆಗಂಟೆಯನ್ನು ಬೆರಳು ತೆಗೆಯದೆ ಒತ್ತಿದಳು. ಒಳಗೆ ಏನೋ ದಡಬಡ. ಬಾಗಿಲು ತೆರೆದ ಅತ್ತೆಯ ಸೆರಗಿನ ತುಂಬ ಬೂದು ಕೂದಲು.

“ಏನೇ ಇಷ್ಟು ಬೇಗ?”

“ಕರೆಂಟ್ ಹೋಯ್ತು, ಅತ್ತೆ.”

“ಆ ಒಕ್ಕಣ್ಣಿ ಊಳಿಡ್ತಿತ್ತು, ಓಡಿಸ್ತಿದ್ದೆ,” ಎಂದರು ಅತ್ತೆ, ಕೇಳದೆಯೇ.

ಅತ್ತೆ ಬಚ್ಚಲಿಗೆ ಹೋದಾಗ ಸೊಸೆ ಹನಿಯ ಪೆಟ್ಟಿಗೆಯಲ್ಲಿದ್ದ ಚೀಟಿಯನ್ನು ಬಿಡಿಸಿ, ಇರುವೆ ಸಾಲಿನಂಥ ಅಕ್ಷರ ಓದಿ, ಮಹಡಿಗೆ ಹೋಗಿ ಬೆಕ್ಕಿನ ಡಾಕ್ಟರಿಗೆ ಫೋನು ಮಾಡಿದಳು.

“ಸ್ಟೆರಾಯ್ಡ್ ಹನೀನಾ?” ಡಾಕ್ಟರ ದನಿ ಏರಿತು. “ಆಪರೇಷನ್ ಆದ ಕಣ್ಣಿನ ಊತಕ್ಕೆ ಅದು ಒಳ್ಳೇದು. ಗಾಯ ಇರೋ ಕಣ್ಣಿಗೆ ಬಿದ್ರೆ ಗಾಯ ಮಾಯೋಕೇ ಬಿಡಲ್ಲ. ಯಾರ್ರೀ ಹಾಕಿದ್ದು?”

ಅವಳು ದನಿ ತಗ್ಗಿಸಿ ಹೇಳಿದಳು, “ನಾನೇ. ಎರಡೂ ಒಟ್ಟಿಗೆ ಇಟ್ಟಿದ್ದೆ, ಕೈತಪ್ಪಾಯ್ತು.”

“ಓದ್ಕೊಂಡಿರೋರು, ಹೀಗಾ ಮಾಡೋದು? ಇವತ್ತಿಂದಲೇ ನಿಲ್ಲಿಸಿ. ಹೊಸ ಮುಲಾಮು ತಗೊಂಡು ಶುರು ಮಾಡಿ. ಕಣ್ಣು ಉಳಿದ್ರೆ ನಿಮ್ಮ ಅದೃಷ್ಟ.”

ಬೈಸಿಕೊಂಡು ಕೆಳಗಿಳಿದವಳು ಔಷಧಿ ಅಂಗಡಿಗೆ ಹೋಗಿ ಬಂದಳು. ಅತ್ತೆಗೊಂದು ಹೊಸ ಬಾಟಲಿ, ಬೆಕ್ಕಿಗೊಂದು ಹೊಸ ಮುಲಾಮು. ಬೆಕ್ಕಿನ ರೆಪ್ಪೆಗೆ ತಾಕಿರಬಹುದಾದ ಹಳೆಯ ಬಾಟಲಿ ಕಸದ ಬುಟ್ಟಿ ಸೇರಿತು. ಬಾಣ ಮಾತ್ರ ಯಾವುದಕ್ಕೂ ಅಂಟಿಸಲಿಲ್ಲ. ಮುಲಾಮನ್ನು ಫ್ರಿಜ್ಜಿನಲ್ಲಿ ಇಡಲೂ ಇಲ್ಲ. ನೇರ ಅತ್ತೆಯ ಕೈಗೇ ಕೊಟ್ಟಳು.

“ಅತ್ತೆ, ಹಳೇ ಮುಲಾಮು ಕೆಟ್ಟುಹೋಗಿತ್ತು ಅನ್ಸುತ್ತೆ. ಇದು ಒಳ್ಳೇದು.”

“ಅನ್ಸುತ್ತೆ ಏನು ಬಂತು, ನೀನೇ ತಾನೇ ಬಾಣ...” ಅತ್ತೆ ನಾಲಿಗೆ ಕಚ್ಚಿಕೊಂಡರು. “ಅಲ್ಲ, ನಂಗ್ಯಾಕೆ ಇದು?”

“ನಾನು ಹಿಡಿದ್ರೆ ಪರಚುತ್ತೆ. ನೋಡಿ ಕೈನ. ನಿಮ್ಮ ಕೈಗುಣ ಚೆನ್ನಾಗಿದೆ, ನೀವೇ ಹಾಕಿ. ಇದರ ಜೊತೆ ಬೇರೆ ಏನೂ, ಒಂದು ಹನಿಯೂ ಕಣ್ಣಿಗೆ ಬೀಳಬಾರದಂತೆ. ಬಿದ್ರೆ ಮದ್ದು ಹಿಡಿಯಲ್ವಂತೆ.”

“ಬೆಕ್ಕಿನ ಚಾಕರಿ ಒಂದು ಬಾಕಿ ಇತ್ತು ನನ್ನ ಹಣೇಲಿ,” ಎಂದು ಅತ್ತೆ ಗೊಣಗಿದರು. ಮುಲಾಮನ್ನು ಮಾತ್ರ ಆಗಲೇ ಸೊಂಟಕ್ಕೆ ಸಿಕ್ಕಿಸಿಯಾಗಿತ್ತು.

ಆಮೇಲಿನ ದಿನಗಳಲ್ಲಿ ಸೊಸೆ ರಾತ್ರಿಯೆಲ್ಲ ಫ್ರಿಜ್ಜಿಗೆ ಕಿವಿಕೊಟ್ಟು ಮಲಗಿದಳು. ಅದು ತುಟಿ ಬಿಚ್ಚಲಿಲ್ಲ. ಬೆಕ್ಕಿನ ಕಣ್ಣಿನ ಬಿಳುಪು ತೆಳುವಾಯಿತು. ಅತ್ತೆಯ ಕಣ್ಣಿನ ಡಾಕ್ಟರು ಇನ್ನು ಹನಿ ಸಾಕೆಂದರು. ಬೆಕ್ಕನ್ನು ಕೊನೆಯ ಸಲ ತೋರಿಸಲು ಗಂಡನೂ ಜೊತೆಗೆ ಬಂದ. ನೀಲಿ ದೀಪದಡಿ ಎಲ್ಲಿಯೂ ಹಸಿರು ಹೊಳೆಯಲಿಲ್ಲ. ಅವಳು ಮೂರು ಬಾರಿ ಬಗ್ಗಿ ನೋಡಿದಳು.

“ಉಳೀತು. ಇನ್ಮೇಲಾದ್ರೂ ನಿಮ್ಮ ಹೆಂಡತಿ ಕೈಗೆ ಮನುಷ್ಯರ ಹನಿ ಕೊಡಬೇಡಿ,” ಎಂದರು ಡಾಕ್ಟರು.

ದಾರಿಯುದ್ದಕ್ಕೂ ಗಂಡ ನಕ್ಕ. “ಮಲಗಿದ ಮೇಲೂ ಎದ್ದು ಗ್ಯಾಸ್ ನೋಡೋಳು ನೀನು, ಬಾಟಲಿ ಅದಲುಬದಲು ಮಾಡಿದ್ಯಾ? ನಿಂಗೇ ಒಂದು ಬಾಣ ಅಂಟಿಸ್ಬೇಕು ಬಿಡು. ನಿಜ ಹೇಳೇ, ಹೇಗಾಯ್ತು?”

“ಆಯ್ತು, ಅಷ್ಟೇ ರೀ. ಅತ್ತೆ ಮುಂದೆ ಮಾತ್ರ ಎತ್ತಬೇಡಿ. ನಂಗೆ ನಾಚಿಕೆ.”

ಅತ್ತೆ ಗೇಟಿನ ಬಳಿಯೇ ನಿಂತಿದ್ದರು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ. “ಏನಂತೆ ಆ ಒಕ್ಕಣ್ಣಿಗೆ?”

“ಎರಡು ಕಣ್ಣಂತೆ, ಅತ್ತೆ.”

ಅತ್ತೆ ಪೊರಕೆ ಕೆಳಗಿಟ್ಟರು. ಬೆಕ್ಕಿನ ಬುಟ್ಟಿಯನ್ನು ಕಸಿದುಕೊಂಡು ಹಿಂದಿನ ವರಾಂಡಕ್ಕೆ ನಡೆದರು. ಸ್ವಲ್ಪ ಹೊತ್ತಿನ ಮೇಲೆ ಹಾಲಿನ ಬಟ್ಟಲು ಹಿಡಿದು ಹೋದ ಸೊಸೆಗೆ ವರಾಂಡದ ಪಿಸುಮಾತು ಕೇಳಿಸಿತು.

“ಮುಲಾಮಿಂದ ಅಂತ ಅಂದ್ಕೊಂಡಿದ್ದಾಳೆ ಪಾಪ. ನನ್ನ ಹನಿ ಮೊದಲೇ ಕೆಲಸ ಮುಗಿಸಿತ್ತು ಕಣೆ. ಹೇಳಬೇಡ ಆಯ್ತಾ? ಅಷ್ಟು ಒದ್ದಾಡಿದ್ದಾಳೆ, ಖುಷಿಯಾಗಿರ್ಲಿ.”

ಸೊಸೆ ನಗು ತಡೆಯಲು ಕೆಳತುಟಿ ಕಚ್ಚಿ ಹಿಡಿದಳು. ಪಿಳಿಪಿಳಿ ಅತ್ತೆಯ ಭುಜದ ಮೇಲಿಂದ ಅವಳನ್ನು ಎರಡೂ ಕಣ್ಣು ಬಿಟ್ಟು ನೋಡಿತು. ಗಂಡನಿಗಾಗಲಿ, ಡಾಕ್ಟರಿಗಾಗಲಿ, ಅತ್ತೆಗಾಗಲಿ, ಯಾರಿಗೂ ಇದನ್ನು ಎಂದಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿದಳು. ಹಾಲಿನ ಬಟ್ಟಲನ್ನು ಹೊಸ್ತಿಲಲ್ಲಿಟ್ಟು, ಬಂದ ಹಾಗೇ ಹಿಂದಿರುಗಿದಳು.