ಒಂದು ಸಲ ಹಾರುವ ರಾಜ

ಕುದುರೆ ಸೊಟ್ಟಗೆ ನೇತುಬಿದ್ದಿದೆ, ಬಿಳಿ ಕುದುರೆ, ಬೆನ್ನಿನ ಅಯಸ್ಕಾಂತ ಸವೆದಿರಬೇಕು, ಚದುರಂಗದ ಕ್ಲಾಸಿನ ಗೋಡೆಯ ದೊಡ್ಡ ಪಟದ ಮೇಲೆ ಮೂತಿ ಇಳಿಬಿಟ್ಟು ನೀರು ಕುಡಿಯುವ ಹಾಗೆ ನಿಂತಿದೆ, ನೆಟ್ಟಗೆ ಮಾಡೋಣವೆಂದು ಕುಂದಾ ಒರೆಸುವ ಬಟ್ಟೆಯನ್ನು ಎಡಗೈಗೆ ದಾಟಿಸಿ ಬಲಗೈ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಂತಿತು — ಮಿಕ್ಕ ಕಾಯಿಗಳು ಕಣ್ಣಿಗೆ ಬಿದ್ದವು. ಕರಿ ರಾಜ ಮೂಲೆಯ ಹತ್ತಿರ, ಅವನ ಮುಂದೆ ಮೂರು ಪ್ಯಾದೆಗಳ ಬೇಲಿ, ಅವನ ಹಿಂದಿನ ಸಾಲನ್ನು ಕಾಯಲು ಒಂದು ಆನೆ, ಒಂದು ಕುದುರೆ, ಈ ಕಡೆ ಬಿಳಿ ವಜೀರ, ಅದರ ಬೆನ್ನಿಗೆ ಬಿಳಿ ಆನೆ, ಎರಡೂ ಒಂದೇ ನೇರದಲ್ಲಿ ಆ ಸಾಲಿನ ಮೇಲೇ ಕಣ್ಣಿಟ್ಟು — ಇದನ್ನು ಅವಳು ಬಲ್ಲಳು, ಕುಪವಾಡದ ತನ್ನ ಖೋಲಿಯ ಪತ್ರಾಸಿನ ತಗಡು ಸೂರಿನಲ್ಲಿ ಯಾವ ತೂತು ಎಲ್ಲಿ ಸೋರುತ್ತದೆಂದು ಬಲ್ಲ ಹಾಗೆ ಬಲ್ಲಳು, ಮೂವತ್ತು ವರ್ಷದಿಂದ ರೊಟ್ಟಿ ತಟ್ಟುವಾಗ, ರಿಕ್ಷಾದಲ್ಲಿ ಮೊಣಕಾಲಿಗೆ ಮೊಣಕಾಲು ಒತ್ತಿ ಕೂತಾಗ, ಗಂಡ ಫೌಂಡ್ರಿಯಿಂದ ಬಂದು ಮಾತಿಲ್ಲದೆ ಉಣ್ಣುವಾಗ, ಈ ಕಾಯಿಗಳನ್ನು ಅವಳು ಇಲ್ಲಿಂದ ಇಲ್ಲಿಗೆ ಸರಿಸಿದ್ದಾಳೆ. ಇದು ಅವಳ ಆಟ. ಪಟದ ಕೆಳಗೆ ಚೀಟಿ, ಮರಾಠಿಯಲ್ಲಿ, ದುಂಡಗಿನ ಅಕ್ಷರ: ವೃಷಾಲಿ ಮ್ಯಾಡಮ್ ಅವರು ಹದಿಮೂರನೇ ವಯಸ್ಸಿನಲ್ಲಿ ಗೆದ್ದ ಆಟ, ಬಿಳಿಯ ನಡೆ, ಹುಡುಕಿ. ಬಿಳಿ ವೃಷಾಲಿಯದಂತೆ! ಕುಂದಾ ಬಟ್ಟೆಯನ್ನು ಹಿಂಡಿದಳು, ಒಣಬಟ್ಟೆ, ನೀರು ಬರಲಿಲ್ಲ. ಹಿಂದೆ ಇಪ್ಪತ್ತು ಮಕ್ಕಳು ಪೆನ್ಸಿಲ್ ಕಚ್ಚುತ್ತ ಕೂತಿವೆ, ವಿಶ್ರಾಮಬಾಗದ ಮಕ್ಕಳು, ಬಿಳಿ ಕಾಲುಚೀಲದ ಮಕ್ಕಳು, ರಸಿಕಾ ಎಂಬ ಹುಡುಗಿಯೊಂದು ಆನೆ ಆನೆ ಎಂದು ಪಿಸುಗುಡುತ್ತಿದೆ, ಆನೆಯಲ್ಲವೇ ಹುಚ್ಚಿ, ಕುದುರೆ, ನಟ್ಟನಡುವಿನ ಮನೆಗೆ ಕುದುರೆ, ಸಾಯಲಿಕ್ಕೆಂದೇ ಹೋಗುವ ಕುದುರೆ. ಅಲ್ಲಿ ನಿಂತರೆ ಕರಿ ವಜೀರನ ಕುತ್ತಿಗೆಗೇ ಬರುತ್ತದೆ, ಹೊಡೆಯದೆ ಬಿಡುವಂತಿಲ್ಲ, ಹೊಡೆದರೆ ಕಾವಲಿನವರಲ್ಲಿ ಒಬ್ಬ ಜಾಗ ಬಿಟ್ಟ ಹಾಗೆ, ಆನೆ ಹೋದರೂ ಅಷ್ಟೇ, ಕುದುರೆ ಹೋದರೂ ಅಷ್ಟೇ, ಆಮೇಲೆ ವಜೀರ ನೇರ ಒಳಗೆ, ಶಹ, ನೇರ ರಾಜನಿಗೇ ಏಟು, ಉಳಿದ ಕಾವಲಿನವ ಹೊಡೆಯಲೇಬೇಕು, ಅವನನ್ನು ಹಿಂದಿನ ಆನೆ ಹೊಡೆದರೆ ಮಾತ, ಆಟ ಮುಗಿಯಿತು, ರಾಜ ತನ್ನದೇ ಪ್ಯಾದೆಗಳ ಬೇಲಿಯೊಳಗೆ ಉಸಿರುಗಟ್ಟಿ ಸಾಯುತ್ತಾನೆ. ಹದಿಮೂರು ವರ್ಷದ ಕುಂದಾ ಇದನ್ನು ಕಂಡಿದ್ದಳು, ಎಲ್ಲವನ್ನೂ ಕಂಡಿದ್ದಳು, ಕೊನೆಯ ಒಂದು ಸಂಗತಿ ಬಿಟ್ಟು.

ಏ ಕುಂದಾ, ಪಟಾ ಒರಸಿದ್ದಾತೇನ, ಪೇಪರದ ಕೇತನ ಬರೂ ಹೊತ್ತಾತು, ಚಹಾಕ್ಕ ಶುಂಠಿ ಹಾಕು. ವೃಷಾಲಿಯ ದನಿ. ಕನ್ನಡವನ್ನು ಅವಳು ಕುಂದಾಳ ಸಲುವಾಗಿ ಮಾತ್ರ ಇಟ್ಟುಕೊಂಡಿದ್ದಾಳೆ, ಕೆಲಸ ಹೇಳಲಿಕ್ಕೆ, ಮಕ್ಕಳೊಂದಿಗೆ ಮರಾಠಿ, ಅಪ್ಪ ಬಾಪೂಸಾಹೇಬರ ಫೋನು ಬಂದರೆ ಅದಕ್ಕೂ ಮರಾಠಿ. ಹಾಕತೇನ್ರಿ ಮ್ಯಾಡಮ್, ಎಂದಳು ಕುಂದಾ. ರಿ! ಕುಂದಾಳ ವಿಠ್ಠಲಜ್ಜ ಕೇಳಿದ್ದರೆ ತಂಬಾಕು ಉಗುಳಿ ನಗುತ್ತಿದ್ದ, ಇದೇ ವೃಷಾಲಿ ಸಲಗರೆಯಲ್ಲಿ ಅವನ ಕಟ್ಟೆಯ ಮೇಲೆ ಕೂತು ಮೂಗು ಸೋರಿಸಿಕೊಂಡು ಅಜ್ಜಾ ನನಗೂ ಕಲಸು ಅಂದವಳು, ಬಾಪೂಸಾಹೇಬರ ದ್ರಾಕ್ಷಿ ತೋಟದ ಕಾವಲಿನ ಅಜ್ಜ ಒಲೆಯ ಇದ್ದಿಲಿನಿಂದ ಕಟ್ಟೆಯ ಮೇಲೆ ಅರವತ್ತನಾಲ್ಕು ಮನೆ ಬರೆದಿದ್ದ, ಪ್ಯಾದೆಗೆ ಹುಣಸೆಬೀಜ, ರಾಜನಿಗೆ ಬಾಟಲಿಯ ಬಿರಡೆ, ಮಾಲಕರ ಮಗಳು ಒಂದು ಕಡೆ, ಕಾವಲಿನವನ ಮೊಮ್ಮಗಳು ಒಂದು ಕಡೆ, ಕಟ್ಟೆಯ ಮೇಲೆ ಯಾರೂ ಯಾರಿಗೂ ರಿ ಅನ್ನುತ್ತಿರಲಿಲ್ಲ. ಅಜ್ಜನ ಆಟದಲ್ಲಿ ರಾಜನಿಗೆ ಒಂದು ಸವಲತ್ತು. ಮೊದಲನೇ ಶಹ ಬಿದ್ದಾಗ ಅವ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು, ಪ್ಯಾದೆಗಳ ತಲೆಯ ಮೇಲಿಂದ ಹಾರಿ ಬೇಲಿಯ ಆಚೆ ಬೀಳಬಹುದು. ದೊಡ್ಡವ್ರಿಗೆ ಒಂದರೆ ದಾರಿ ಇದ್ದ ಇರತೈತಿ ತಂಗಿ, ಅನ್ನುತ್ತಿದ್ದ ಅಜ್ಜ, ಬಿರಡೆ ಎತ್ತಿ ಟಕ್ ಎಂದು ಇಡುತ್ತಿದ್ದ. ಕುಂದಾಳಿಗೆ ಅದೇ ಆಟ, ಬೇರೆ ಆಟ ಇರುತ್ತದೆಂದು ಹೇಳುವವರು ಯಾರಿದ್ದರು. ವೃಷಾಲಿಗೆ ಇದ್ದರು. ಆರು ತಿಂಗಳು ಸಾಂಗಲಿಯ ಕ್ಲಾಸು, ಹೊಸ ಪುಸ್ತಕ, ಅತ್ತೆಯ ಮನೆಯಲ್ಲಿ ಊಟ — ಆಮೇಲೆ ಜಿಲ್ಲೆಯ ಹುಡುಗಿಯರ ಸ್ಪರ್ಧೆ, ಗೆದ್ದವಳನ್ನು ಕ್ಲಾಸಿನವರೇ ಇಟ್ಟುಕೊಂಡು ಕಲಿಸುತ್ತಾರಂತೆ, ವಸತಿ ಸಮೇತ, ಬಾಪೂಸಾಹೇಬರ ಜೀಪಿನಲ್ಲಿ ವೃಷಾಲಿ ಮುಂದೆ, ಕುಂದಾ ಹಿಂದೆ ದ್ರಾಕ್ಷಿ ಪೆಟ್ಟಿಗೆಗಳ ನಡುವೆ, ಮಿರಜ ದಾಟುವತನಕ ಇಬ್ಬರೂ ಹಾಡು ಹೇಳಿದ್ದರು, ಕೊನೆಯ ಸುತ್ತಿನಲ್ಲಿ ಎದುರಾಬದುರಾ ಕೂಡುತ್ತೇವೆಂದು ಯಾರಿಗೆ ಗೊತ್ತಿತ್ತು.

ಚಹಾ ಕುದಿಯುತ್ತಿದೆ, ಶುಂಠಿ ಜಜ್ಜಬೇಕು, ಜಜ್ಜುತ್ತಾಳೆ, ಇನ್ನೂ ಜಜ್ಜುತ್ತಾಳೆ. ಯಾವುದರ ಮೇಲೆ ಹೊಟ್ಟೆ ಉರಿಯುತ್ತಿದೆ ನಿನಗೆ, ಹೇಳು, ಆ ಸರಪಳಿ ಕಟ್ಟಿದ ಕನ್ನಡಕದ ಮೇಲೋ, ಫ್ಯಾನಿನ ಕೆಳಗಿನ ಅವಳ ಕುರ್ಚಿಯ ಮೇಲೋ, ಮಕ್ಕಳು ಕಾಲಿಗೆ ಬೀಳುವಾಗ ಅವಳು ತಲೆ ಮುಟ್ಟುತ್ತಾಳಲ್ಲ ನೋಡದೆಯೇ, ಅದರ ಮೇಲೋ. ಎಲ್ಲದರ ಮೇಲೂ. ಮ್ಯಾಡಮ್ ಭಾಳ ಚಲೋ, ನಿನಗ ಕೆಲಸಾ ಕೊಟ್ಟಾರ, ಎಂದು ಗಂಡ ಅನ್ನುತ್ತಾನೆ, ಕೊಟ್ಟಿದ್ದಾಳೆ, ಕಾಯಿ ಎಣಿಸಿ ಡಬ್ಬಿಗೆ ಹಾಕುವ ಕೆಲಸ, ಗಡಿಯಾರಗಳಿಗೆ ಸೆಲ್ ಹಾಕುವ ಕೆಲಸ, ನೀ ನಮ್ಮಾಕಿ ಅಲ್ಲೇನ ಎಂದು ಹೆಗಲ ಮೇಲೆ ಕೈಯಿಟ್ಟು ಕೊಟ್ಟಿದ್ದಾಳೆ, ನಮ್ಮಾಕಿ ಎಂದರೆ ತಮ್ಮ ಬಾವಿ, ತಮ್ಮ ಎತ್ತು ಅನ್ನುವ ಹಾಗೆ. ಸಹಿಸಿಕೊಂಡಿದ್ದಳು. ಗೆದ್ದದ್ದು ಅವಳ ಪಾಲು, ಕಂಡದ್ದು ನನ್ನ ಪಾಲು, ಆ ನಡೆ ನನ್ನದು, ಅದನ್ನು ಯಾರೂ ಒಯ್ಯಲಾರರು ಎಂದು ಇಷ್ಟು ವರ್ಷ ಸೆರಗಿನ ಗಂಟಿನಲ್ಲಿಟ್ಟುಕೊಂಡಿದ್ದಳು. ಇವತ್ತು ಅದಕ್ಕೂ ಕೈ ಹಾಕಿದ್ದಾಳೆ. ನಾಳೆ ಪೇಪರಿನಲ್ಲಿ ಫೋಟೋ ಬಂದರೆ ಮುಗಿಯಿತು, ಅಚ್ಚಾದದ್ದನ್ನು ಯಾರು ಅಳಿಸುತ್ತಾರೆ, ಕಸ ಗುಡಿಸುವವಳ ಮಾತು ಯಾರು ಕೇಳುತ್ತಾರೆ, ಮತ್ತು ವೃಷಾಲಿ ನಿಜವಾಗಿಯೂ ನಂಬಿದ್ದಾಳೋ ಏನೋ, ಬಿಳಿ ತನ್ನದೆಂದು, ಮರೆಯಲಿಕ್ಕೂ ಅವಳಿಗೆ ಪುರಸೊತ್ತಿದೆ, ಅದರ ಮೇಲೆ, ಹೌದು, ಅದರ ಮೇಲೇ ಎಲ್ಲಕ್ಕಿಂತ ಹೆಚ್ಚು ಉರಿಯುತ್ತದೆ.

ಕೇತನ ಬಂದ, ಕ್ಯಾಮೆರಾ ಕೊರಳಿಗೆ, ಒಂದು ಗುಟುಕು ಹೀರಿ ಅರೇ ಮಾವಶಿ ಚಹಾ ಫಕ್ಕಡ್ ಎಂದು ಮೆಚ್ಚಿದ, ಅವಳು ತಟ್ಟೆ ಹಿಡಿದು ಅಲ್ಲೇ ನಿಂತಳು. ವೃಷಾಲಿ ಮರಾಠಿಯಲ್ಲಿ ಹೇಳುತ್ತಿದ್ದಾಳೆ, ನಾನು ಕುದುರೆ ಕೊಟ್ಟೆ, ಇಡೀ ಹಾಲ್ ಸ್ತಬ್ಧ, ಎದುರಿಗೆ ಯಾರೋ ಹಳ್ಳಿಯ ಹುಡುಗಿ, ಪಾಪ, ಹೆಸರೂ ನೆನಪಿಲ್ಲ. ಯಾರೋ. ಕುಂದಾ ತಟ್ಟೆ ಚಾಚಿದಳು, ವೃಷಾಲಿ ನೋಡದೆಯೇ ಒಂದು ಲೋಟ ಎತ್ತಿಕೊಂಡಳು. ಅಂದು ಕುದುರೆ ಕೊಟ್ಟವಳು ಆ ಹಳ್ಳಿಯ ಹುಡುಗಿಯೇ, ಬಿಳಿ ಕುಂದಾಳದು, ಕರಿ ಕುದುರೆ ಅದನ್ನು ಹೊಡೆಯಿತು, ವಜೀರನ ಕಡೆ ಬೆರಳು ಹೋಯಿತು, ಮುಟ್ಟಬೇಕು, ಮುಟ್ಟುವ ಮೊದಲು ಅಜ್ಜನ ಬಿರಡೆ ಟಕ್ ಎಂದಿತು — ಶಹ ಕೊಟ್ಟರೆ ರಾಜ ಹಾರುತ್ತಾನಲ್ಲ, ಬೇಲಿಯಾಚೆ ಬೀಳುತ್ತಾನಲ್ಲ, ವಜೀರ ಸುಮ್ಮನೆ ಹೋದ ಹಾಗಲ್ಲವೇ. ಹಿಂದಿನ ಸುತ್ತುಗಳಲ್ಲಿ ಯಾರೂ ಹಾರಿಸಿರಲಿಲ್ಲ, ಅದಕ್ಕೇ ಬಗ್ಗಿ, ತುಟಿ ಅಲುಗದಂತೆ ಕೇಳಿದ್ದಳು, ಹಾರತಾನಲ್ಲಾ ವೃಷಾ? ಗೆಳತಿಯನ್ನು ಕೇಳಿದ್ದಳು, ಎದುರಾಳಿಯನ್ನಲ್ಲ. ಮತ್ತು ವೃಷಾಲಿ, ಆರು ತಿಂಗಳು ಕಲಿತ ವೃಷಾಲಿ, ಕರಿ ಕಾಯಿಗಳ ಮೇಲಿಂದ ಕಣ್ಣು ಎತ್ತದೆ, ಹೂಂ ಎಂದಿದ್ದಳು. ಬರೀ ಹೂಂ. ಅಷ್ಟು ಸಣ್ಣ ಶಬ್ದ. ಕುಂದಾ ಬೆರಳು ಹಿಂದಕ್ಕೆ ತೆಗೆದು ವಜೀರನನ್ನು ಎಲ್ಲಿಗೋ ಸರಿಸಿದಳು, ಕುದುರೆ ಸುಮ್ಮಸುಮ್ಮನೆ ಸತ್ತಿತು, ಹತ್ತು ನಡೆಯಲ್ಲಿ ಸೋತಳು, ಆಮೇಲೆ ತೀರ್ಪು ಕೊಡುವ ಪಂಚ ಮುದುಕಪ್ಪ ಕಾಯಿ ಜೋಡಿಸಿ ತೋರಿಸಿದ, ಇಲ್ಲಿ ವಜೀರ, ಇಲ್ಲಿ ಆನೆ, ಗೆದ್ದ ಆಟ ಬಿಟ್ಟೆಯಲ್ಲ ಮಗಳೆ, ಅವಳು ರಾಜಾ ಹಾರೂದಿಲ್ಲೇನ್ರಿ ಎಂದಳು, ಇಡೀ ಹಾಲ್ ನಕ್ಕಿತು, ವೃಷಾಲಿಯೂ ನಕ್ಕಳು, ಜೀಪು ಕುಂದಾ ಒಬ್ಬಳನ್ನೇ ಮರಳಿ ತಂದು ಬಿಟ್ಟಿತು. ಅಜ್ಜಾ, ರಾಜಾ ಹಾರೂದಿಲ್ಲಂತ. ಅಜ್ಜ ತಂಬಾಕು ತಿಕ್ಕಿದ. ಅವ್ರೂರಾಗ ಹಾರಲಿಕ್ಕಿಲ್ಲ ತಂಗಿ, ನಮ್ಮ ಕಟ್ಟಿ ಮ್ಯಾಲ ಹಾರತಾನ. ಅಲ್ಲ ಅಜ್ಜಾ, ಈಗ ತಿಳಿಯಿತು, ಎಲ್ಲ ತಿರುವುಮುರುವು, ಅವರೇ ಹಾರಿದರು, ಬೇಲಿ ಆದವರು ನಾವು.

ಮ್ಯಾಡಮ್, ಕೊನೆಯ ಸ್ಥಿತಿಯ ಫೋಟೋ ಬೇಕು, ಎಂದ ಕೇತನ. ವೃಷಾಲಿ ಬೆರಳಲ್ಲೇ ಕರೆದಳು, ಕುಂದಾ ಬಾ, ಕಾಯಿ ಸರಸು, ನಾ ಹೇಳಿಧಂಗ, ಮಕ್ಕಳೂ ನೋಡ್ಲಿ. ತಟ್ಟೆ ಕೆಳಗಿಟ್ಟಳು, ಕೈ ಸೀರೆಗೆ ಒರೆಸಿದಳು, ಸೊಟ್ಟ ಕುದುರೆಯನ್ನು ಕಿತ್ತು ನಟ್ಟನಡುವಿನ ಮನೆಗೆ ಹಚ್ಚಿದಳು, ವೃಷಾಲಿ ಬಾಯಿ ತೆರೆಯುವ ಮೊದಲೇ ಹಚ್ಚಿದಳು, ಹಿಂದೆ ಮಕ್ಕಳು ಓಹ್ ಎಂದವು. ಕರಿ ಕುದುರೆ ಹೊಡೆಯಿತು, ಬಿಳಿಯದು ಅಂಗೈಯೊಳಗೆ ಬಂತು, ತಣ್ಣಗಿತ್ತು. ವಜೀರ. ಎಷ್ಟು ಹಗುರ ಇದು, ಮೂವತ್ತು ವರ್ಷ ಎತ್ತಲಾಗದ್ದು, ಎತ್ತಿ ಕೊನೆಯ ಸಾಲಿಗೆ ಒತ್ತಿದಳು, ಶಹ ಎಂದು ರಸಿಕಾ ಕೂಗಿತು. ಈಗ ಕರಿ ಆನಿ, ಅದನ್ನ ಹೊಡಿ, ಎಂದಳು ವೃಷಾಲಿ. ಕುಂದಾಳ ಕೈ ಆನೆಯನ್ನು ದಾಟಿಹೋಯಿತು. ಕರಿ ರಾಜನನ್ನು ಎರಡು ಬೆರಳಲ್ಲಿ ಹಿಡಿದು ಪಟದಿಂದ ಬಿಡಿಸಿದಳು, ಸಣ್ಣ ಟಕ್. ಏ, ಆನಿ ಅಂದೆ, ರಾಜಾ ಅಲ್ಲ, ತಲಿ ಎಲ್ಲೈತಿ ನಿಂದು. ಮಕ್ಕಳು ನಕ್ಕವು, ಅಂದಿನದೇ ನಗು, ಅವಳು ತಿರುಗಿದಳು, ಮ್ಯಾಡಮ್ ಬಾಯಿಗೆ ಬರಲಿಲ್ಲ, ರಿ ಬರಲಿಲ್ಲ.

ಹಾರತಾನಲ್ಲಾ, ವೃಷಾ?

ಬಾಯಿಗೆ ಹೋಗುತ್ತಿದ್ದ ಲೋಟ ವೃಷಾಲಿಯ ಗದ್ದದ ಹತ್ತಿರ ನಿಂತುಬಿಟ್ಟಿತು, ಬಣ್ಣ ಇಳಿಯಿತು, ಮರೆತಿರಲಿಲ್ಲ ಹಾಗಾದರೆ, ಒಂದಕ್ಷರವೂ ಮರೆತಿರಲಿಲ್ಲ, ಕಾಯ್ ಮ್ಹಣತೇಯ್ ತೀ, ಏನನ್ನುತ್ತಿದ್ದಾಳೆ ಇವಳು ಎಂದು ಕೇತನ ಕೇಳುತ್ತಿದ್ದಾನೆ, ಹೇಳು ವೃಷಾ, ಇಲ್ಲ ಅಂದರೆ ಅಂದಿನ ಹೂಂ ಸುಳ್ಳು, ಹೂಂ ಅಂದರೆ ಇಂದಿನ ಪಟ ಸುಳ್ಳು, ಫ್ಯಾನು ತಿರುಗುತ್ತಿದೆ, ಅವಳ ತುಟಿಗಳು ಕೂಡುತ್ತಿವೆ, ಹೂಂ ಅನ್ನಲು ಕೂಡುವ ಹಾಗೆಯೇ ಕೂಡುತ್ತಿವೆ, ಇಳಿಸುವುದಿಲ್ಲ ನಾನು, ಎಲ್ಲೂ ಇಳಿಸುವುದಿಲ್ಲ, ರಾಜ ಎರಡು ಬೆರಳ ನಡುವೆ, ಪ್ಯಾದೆಗಳ ತಲೆಯ ಮೇಲೆ, ಗಾಳಿಯಲ್ಲಿ, ರಾಜ, ಗಾಳಿಯಲ್ಲಿ —