ಹೆಮ್ಮಿಗೆ ಮಹದೇವನ ಮೇಲಿನ ಕೇಸು

ಹೆಮ್ಮಿಗೆ ಮಹದೇವನನ್ನು ಪೊಲೀಸರು ಕೊಲೆ ಕೇಸಿನಲ್ಲಿ ಹಿಡಿದುಕೊಂಡು ಹೋದ ಸುದ್ದಿಯನ್ನು ನಂಜನಗೂಡಿಗೆ ತಂದವನು ಬಸ್ ಕಂಡಕ್ಟರ್ ಸಿದ್ದಯ್ಯ. 1979ರ ಜನವರಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಟಿ. ನರಸೀಪುರದಿಂದ ಬೆಳಗಿನ ಟ್ರಿಪ್ಪು ಮುಗಿಸಿ ಬಂದವನು ಬಸ್ಸಿನಿಂದ ಇಳಿದು ನೇರವಾಗಿ ವ್ಯಾಸರಾಜ ಮೇಷ್ಟರ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು ಅತ್ತುಬಿಟ್ಟ.

"ಏನಾಯ್ತಯ್ಯ?" ಅಂದರು ಮೇಷ್ಟರು.

"ಮಹದೇವನ್ನ ಎಳ್ಕೊಂಡೋದ್ರು ಸಾ. ಕರಿಯಪ್ಪನ್ನ ಒಳೇಲಿ ಮುಳುಗ್ಸಿ ಕೊಂದವ್ನೆ ಅಂತ."

ಮಹದೇವ ಹೆಮ್ಮಿಗೆಯ ಬೇಸಾಯಗಾರರ ಮಗ. ಬೆಂಗಳೂರಿನ ಒಂದು ಕಾರ್ಖಾನೆಯವರು ಅವನನ್ನು ಫುಟ್ಬಾಲ್ ಆಡುವುದಕ್ಕೆಂದೇ ನೌಕರಿಗೆ ತೆಗೆದುಕೊಂಡಿದ್ದರು. ಯಂತ್ರ ಮುಟ್ಟಬೇಕಾಗಿರಲಿಲ್ಲ, ಆಡಿದರೆ ಸಾಕು, ತಿಂಗಳಾದರೆ ಸಂಬಳ. ಕಲ್ಕತ್ತೆಯಲ್ಲಿ ಅವನು ಎರಡು ಗೋಲು ಹೊಡೆದ ದಿನ ಪೇಪರಿನಲ್ಲಿ ಫೋಟೋ ಬಂದಿತ್ತು. ಅಂದಿನಿಂದ ನಂಜನಗೂಡಿನ ಹೈಸ್ಕೂಲಿನ ವ್ಯಾಸರಾಜ ಮೇಷ್ಟರು, ಸಿದ್ದಯ್ಯ, ಇನ್ನೂ ಹತ್ತು ಹನ್ನೆರಡು ಜನ ಸೇರಿ ಅಭಿಮಾನಿ ಸಂಘ ಅಂತ ಕಟ್ಟಿಕೊಂಡಿದ್ದರು. ಸಂಘ ಅಂದರೆ ಬೇರೇನಿಲ್ಲ, ಮೇಷ್ಟರ ಜಗಲಿ ಮತ್ತು ಅವರ ರೇಡಿಯೋ. ಮೇಷ್ಟರ ಮನೆಯವರು ತಲೆಮಾರುಗಳಿಂದ ಮಠದಲ್ಲಿ ಪಾಠ ಹೇಳಿದವರು, ಅಂಥವರ ಜಗಲಿಯಲ್ಲಿ ಕಂಡಕ್ಟರು, ದರ್ಜಿ, ಗಾರೆ ಕೆಲಸದವರು ಒಟ್ಟಿಗೆ ಕೂತು "ಗೋಲ್!" ಎಂದು ಕಿರುಚುವುದನ್ನು ಕೇಳಿ ಬೀದಿಯವರು ನಗುತ್ತಿದ್ದರು.

ರಜೆಗೆ ಊರಿಗೆ ಬಂದಿದ್ದ ಮಹದೇವ ನರಸೀಪುರದ ಹೊಳೆ ಪಕ್ಕದ ಮೈದಾನದಲ್ಲಿ ನರಸೀಪುರದ ಪರವಾಗಿ ಒಂದು ಮ್ಯಾಚ್ ಆಡಿದ. ಎದುರಾಳಿ ನಂಜನಗೂಡಿನ ತಂಡ. ಸಂಘದವರೆಲ್ಲ ಸಿದ್ದಯ್ಯನ ಬಸ್ಸಿನಲ್ಲೇ ಹೋಗಿ, ತಮ್ಮೂರಿನ ತಂಡದ ವಿರುದ್ಧವೇ ಕೂಗಿದ್ದರು. ನಂಜನಗೂಡಿನ ಕಡೆ ಹಿಂದೆ ನಿಂತು ಆಡುತ್ತಿದ್ದವನು ಹೆಮ್ಮರಗಾಲದ ಕರಿಯಪ್ಪ. ಬಲವಾದ ಆಳು. ಮಹದೇವನನ್ನು ತಡೆಯಲಾಗದೆ ಅವನ ಮೊಳಕಾಲಿಗೆ ಮತ್ತೆ ಮತ್ತೆ ಒದ್ದ. ಆಟ ಮುಗಿದ ಮೇಲೆ ಮಹದೇವ ಸಿಟ್ಟು ತಡೆಯದೆ ಕರಿಯಪ್ಪನ ಎದೆಗೆ ಎರಡೂ ಕೈ ಕೊಟ್ಟು ತಳ್ಳಿದ. ಕರಿಯಪ್ಪ ಹಿಂದಕ್ಕೆ ಬಿದ್ದ, ತಲೆ ಗೋಲಿನ ಕಂಬಕ್ಕೆ ತಾಗಿತು. ಅದನ್ನು ಎಲ್ಲರೂ ನೋಡಿದರು. ಮಾರನೆಯ ಬೆಳಿಗ್ಗೆ ಕರಿಯಪ್ಪನ ಹೆಣ ಹೊಳೆಯ ಬಂಡೆಗಳ ನಡುವೆ ಸಿಕ್ಕಿತು. ಅವನ ತಾಯಿ ಚಿಕ್ಕಮಾದಮ್ಮ ಹೆಬ್ಬೆಟ್ಟು ಒತ್ತಿದ ದೂರಿನಲ್ಲಿ ಹೀಗೆ ಬರೆದಿತ್ತು: ನನ್ನ ಮಗ ಈಜು ಬಲ್ಲವನು, ಸುಮ್ಮನೆ ಮುಳುಗುವವನಲ್ಲ.

ಸಿದ್ದಯ್ಯ ಅತ್ತು ಮುಗಿಸುವ ತನಕ ಮೇಷ್ಟರು ಕಾದರು. ಸಂಜೆ ಎಲ್ಲರನ್ನೂ ಕರೆಸಿ ಹೇಳಿದರು: "ಇನ್ಸ್‌ಪೆಕ್ಟರು ಬಂದೇ ಬರ್ತಾರೆ. ತಳ್ಳಿದ್ದನ್ನ ಯಾರೂ ನೋಡಿಲ್ಲ. ಅಷ್ಟೇ ಹೇಳಿ, ಹೆಚ್ಚು ಮಾತು ಬೇಡ."

ಎರಡು ದಿನ ಬಿಟ್ಟು ಇನ್ಸ್‌ಪೆಕ್ಟರು ಬಂದರು. ಹನ್ನೊಂದು ಜನ ಒಬ್ಬರಾದ ಮೇಲೊಬ್ಬರು ಅದೇ ಮಾತು ಹೇಳಿದರು. ಸಿದ್ದಯ್ಯನೂ ಹೇಳಿದ. ಬರೆದುಕೊಳ್ಳುತ್ತಿದ್ದ ಇನ್ಸ್‌ಪೆಕ್ಟರು ಕೊನೆಗೆ ಪೆನ್ನು ಮುಚ್ಚಿ, "ನಿಮ್ಮಷ್ಟೂ ಜನಕ್ಕೆ ಒಂದೇ ಬಾಯಿ ಇದೆಯೇನ್ರಿ? ತಳ್ಳಿದ್ದನ್ನ ರೆಫ್ರಿ ಆಗಲೇ ಹೇಳಿದಾರೆ. ನೀವು ಇಷ್ಟು ಜನ ಮುಚ್ಚಿಡ್ತಿದೀರಿ ಅಂದ್ರೆ ಒಳಗೆ ಇನ್ನೂ ಏನೋ ಇದೆ" ಎಂದು ಎದ್ದು ಹೋದರು. ಕೇಸು ಇನ್ನಷ್ಟು ಬಿಗಿಯಾಯಿತು.

ಊರಿನಲ್ಲಿ ತಲೆಗೊಂದು ಮಾತು. ದರ್ಜಿ ಅಂಗಡಿಯಲ್ಲಿ ಗಾಜು ಹಾಕಿಸಿ ತೂಗಿಹಾಕಿದ್ದ ಮಹದೇವನ ಫೋಟೋ ಮೂರನೇ ದಿನಕ್ಕೆ ಮಾಯವಾಯಿತು. "ಆಟಗಾರ ಅಂದ್ರೆ ಸಿಟ್ಟಿರ್ಬೇಕು ಕಣ್ಲಾ, ಇದು ಅತಿಯಾಯ್ತು" ಅಂದವರಿದ್ದರು. ಮೈಸೂರು ಜೈಲಿನ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತು ಬಂದವರೂ ಇದ್ದರು. ಸಂಘದವರ ಕೋಪವೆಲ್ಲ ತಿರುಗಿದ್ದು ಚಿಕ್ಕಮಾದಮ್ಮನ ಮೇಲೆ. ಆಕೆ ವಿಧವೆ. ಹೆಮ್ಮರಗಾಲದಿಂದ ದಿನಾ ಬದನೆಕಾಯಿ, ಸೊಪ್ಪು ತಂದು ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಮಾರುವವಳು. ಅವಳ ಹತ್ತಿರ ಯಾರೂ ಕೊಳ್ಳಕೂಡದು ಅಂತ ಮಾತಾಯಿತು. ಸಿದ್ದಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬೆಳಿಗ್ಗೆ ಊರಿನ ದಾರಿ ಕೂಡುವ ಹೆಮ್ಮರಗಾಲದ ಗೇಟಿನಲ್ಲಿ ಕುಕ್ಕೆ ಇಟ್ಟುಕೊಂಡು ಆಕೆ ಕೈ ಎತ್ತಿದರೆ, "ರೈಟ್, ರೈಟ್" ಎಂದು ಡ್ರೈವರಿಗೆ ಕೂಗಿ ಬಸ್ಸು ನಿಲ್ಲಿಸದೆ ಹೋದ. ಒಂದು ದಿನವಲ್ಲ, ಆರು ದಿನ.

ಆರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ಹೆಂಡತಿ ರಾಮಮ್ಮನಿಗೆ ದೊಡ್ಡ ಕೆಲಸ ಮಾಡಿದವನಂತೆ ಹೇಳಿದ. ರಾಮಮ್ಮ ತಟ್ಟೆಗೆ ಮುದ್ದೆ ಹಾಕುತ್ತಿದ್ದವಳು ಹಾಗೇ ಕೈ ತಡೆದಳು.

"ಆ ಎಂಗ್ಸು ಏನ್ ಮಾಡುದ್ಲು ನಿಂಗೆ?"

"ಕಂಪ್ಲೇಂಟ್ ಕೊಟ್ಟವ್ಳೆ."

"ಮಗ ಸತ್ತವ್ನೆ, ಕೊಡ್ದೆ ಇನ್ನೇನ್ ಮಾಡಾಳು? ನಮ್ಮ ಮಗ ಇಂಗೆ ಒಳೇಲಿ ಸಿಕ್ಕಿದ್ರೆ ನಾನು ಸುಮ್ನಿರ್ತಿದ್ನಾ? ತಲೆ ಮ್ಯಾಲೆ ಕುಕ್ಕೆ ಒತ್ಕಂಡು ಅಷ್ಟು ದೂರ ನಡ್ದವ್ಳಲ್ಲ, ಅದ ನೋಡಿ ನಿಂಗೆ ಅನ್ನ ಒಳಕ್ಕಿಳೀತದಾ?"

ಅನ್ನ ಒಳಕ್ಕೆ ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಸಿದ್ದಯ್ಯ ಬಸ್ಸು ನಿಲ್ಲಿಸಿ, ತಾನೇ ಇಳಿದು ಕುಕ್ಕೆಯನ್ನು ಎತ್ತಿ ಮೇಲಿಟ್ಟ. ಚಿಕ್ಕಮಾದಮ್ಮ ಅವನ ಮುಖ ನೋಡಲಿಲ್ಲ. ಟಿಕೆಟ್ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಎರಡು ತಿಂಗಳು ಹೀಗೇ ನಡೆಯಿತು. ಅವನು ಕುಕ್ಕೆ ಎತ್ತುವುದು, ಅವಳು ಮಾತಾಡದೆ ಕೂರುವುದು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಂಜನಗೂಡು ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಡ್ರೈವರು ಟೀ ಕುಡಿಯಲು ಹೋಗಿದ್ದ. ಬಸ್ಸಿನಲ್ಲಿ ಚಿಕ್ಕಮಾದಮ್ಮ ಒಬ್ಬಳೇ.

"ಕಂಡಕ್ಟ್ರಪ್ಪ," ಅಂದಳು, "ನೀನೂ ಆಟ ನೋಡಕ್ಕೋಗಿದ್ದಂತಲ್ಲ?"

"ಊಂ ಕಣವ್ವ."

"ನನ್ ಮಗನ್ನ ಅವ್ನು ಒಡುದ್ನಾ?"

ಇಲ್ಲ ಅನ್ನುವ ಮಾತು ಸಿದ್ದಯ್ಯನ ನಾಲಿಗೆಯ ತುದಿಯಲ್ಲೇ ಇತ್ತು. ಪೊಲೀಸರಿಗೆ ಹೇಳುವಾಗ ಸಲೀಸಾಗಿ ಬಂದಿದ್ದ ಮಾತು ಆಕೆಯ ಮುಖ ನೋಡಿದಾಗ ಹೊರಡಲಿಲ್ಲ.

"ತಳ್ಳುದ್ನವ್ವ. ನಾನೇ ನೋಡ್ದೆ. ಪೊಲೀಸ್ನೋರ್ಗೆ ಸುಳ್ಳು ಯೋಳ್ದೆ. ತಲೆ ಕಂಬಕ್ಕೆ ತಾಕ್ತು. ಆಮ್ಯಾಲೆ ನಿನ್ ಮಗ ತಾನಾಗೇ ಎದ್ದ. ಮಣ್ಣು ಒದರ್ಕಂಡು ನಗಾಡ್ದ. ನಮ್ ಜೊತೇಲೆ ನಿಂತ್ಕಂಡು ಬೋಂಡ ತಿಂದ. ಕೈಕಾಲು ತೊಳ್ಕಂಡ್ ಬತ್ತೀನಿ ಅಂತ ಒಳೆ ಕಡೀಕೋದ. ವಸಿ ಒತ್ತಾದ್ಮೇಲೆ ಮಹದೇವನೂ ಅತ್ತಗೇ ಓಗಿ, ಒಬ್ನೇ ವಾಪಸ್ ಬಂದ. ಅಲ್ಲೇನಾಯ್ತು ಅನ್ನದು ನಾ ಕಾಣೆ."

ಚಿಕ್ಕಮಾದಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು.

"ಬೋಂಡ ತಿಂದ್ನಾ?"

"ಎರಡು ತಿಂದ ಕಣವ್ವ."

"ಇಷ್ಟು ದಿನ್ದಲ್ಲಿ ದಿಟ ಯೋಳ್ದೋನು ನೀನೊಬ್ನೇ ಕಣಪ್ಪ. ನೀನೂ ತಳ್ನಿಲ್ಲ ಅಂದಿದ್ರೆ, ನೀವೆಲ್ಲ ಸೇರ್ಕಂಡೇ ಕೊಂದಿದೀರಿ ಅಂತ ತಿಳ್ಕತಿದ್ದೆ." ಆಮೇಲೆ ಅವಳು ದನಿ ತಗ್ಗಿಸಿ ಹೇಳಿದಳು: "ನನ್ ಮಗಂಗೆ ಮೂರ್ಛೆ ಬತ್ತಿತ್ತು."

ಹನ್ನೆರಡನೇ ವಯಸ್ಸಿನಿಂದ ಬರುತ್ತಿತ್ತಂತೆ. ಮೈಸೂರಿನ ಡಾಕ್ಟರು ನೀರಿನ ಹತ್ತಿರ, ಬೆಂಕಿಯ ಹತ್ತಿರ ಒಬ್ಬನನ್ನೇ ಬಿಡಬೇಡಿ ಅಂದಿದ್ದರಂತೆ. ಅವರು ಬರೆದುಕೊಟ್ಟ ಚೀಟಿಗಳು ಟ್ರಂಕಿನಲ್ಲಿ ಸೀರೆಯ ಕೆಳಗೆ ಇದ್ದವು. ಆಕೆ ಅದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಮಗಳು ಕೆಂಪಾಜಮ್ಮನನ್ನು ತಗಡೂರಿನ ರಂಗನಾಯಕನ ಮಗನಿಗೆ ಕೊಡುವ ಮಾತಾಗಿತ್ತು. ಅಣ್ಣನ ಕೇಸು ಮುಗಿಯಲಿ ಎಂದು ಮದುವೆ ಮುಂದಕ್ಕೆ ಹೋಗಿತ್ತು.

"ಮನೇಲಿ ಆ ಕಾಯ್ಲೆ ಅದೆ ಅಂದ್ರೆ ನನ್ ಮಗಳ ಯಾರು ತಕ್ಕಂಡೋದಾರು? ಅದ್ಕೇ ಬಾಯ್ ಮುಚ್ಕಂಡಿದೀನಿ. ಅವ್ನು ಕೊಂದ್ನೋ, ಮೂರ್ಛೆ ಬಂದು ಬಿದ್ನೋ, ದಿನಾ ಅದೇ ಯೋಚ್ನೆ."

ಸಿದ್ದಯ್ಯನಿಗೆ ಒಮ್ಮೆಲೇ ಎದ್ದು ಮೇಷ್ಟರ ಮನೆಗೆ ಓಡಬೇಕು ಅನ್ನಿಸಿತು. ಆದರೆ ಆಕೆಯ ಬೆರಳಿಗೆ ಸುತ್ತಿದ ಸೆರಗು ನೋಡಿ ಕೂತಲ್ಲೇ ಕೂತ. "ನಾನು ಇದ ಯಾರ್ಗೂ ಯೋಳಕಿಲ್ಲ ಕಣವ್ವ. ನಿಂಗ್ ತಿಳ್ದಂಗ್ ಮಾಡು. ನಾನು ಮಾತ್ರ ಕೋರ್ಟಲ್ಲಿ ತಳ್ಳಿದ್ದ ನೋಡ್ದೆ ಅಂತ್ಲೇ ಯೋಳ್ತೀನಿ."

ಹೇಳಿದ ಹಾಗೆ ಅವನು ಯಾರಿಗೂ ಬಾಯಿ ಬಿಡಲಿಲ್ಲ, ರಾಮಮ್ಮನಿಗೂ. ಆದರೆ ಕೋರ್ಟಿನಲ್ಲಿ ಸತ್ಯ ಹೇಳುತ್ತೇನೆಂದು ಮೇಷ್ಟರಿಗೆ ತಿಳಿಸಿದ. ಮೇಷ್ಟರ ಮುಖ ಕೆಂಪಾಯಿತು.

"ಅವನನ್ನ ನಿನ್ನ ಕೈಯಾರೆ ಗಲ್ಲಿಗೆ ಹಾಕ್ತೀಯೇನಯ್ಯ?"

"ನಂಗೊತ್ತಿಲ್ಲ ಸಾ. ಸುಳ್ಳು ಮಾತ್ರ ಇನ್ನೊಂದ್ ಸಲ ಬರಾಕಿಲ್ಲ."

ಅಂದಿನಿಂದ ಮೇಷ್ಟರ ಜಗಲಿಯಲ್ಲಿ ಅವನಿಗೆ ಜಾಗವಿರಲಿಲ್ಲ. ಮಹದೇವನಿಗೆ ನಾಲ್ಕು ತಿಂಗಳಾದ ಮೇಲೆ ಜಾಮೀನು ಸಿಕ್ಕಿತು. ಕಾರ್ಖಾನೆಯವರು ಸಸ್ಪೆಂಡ್ ಮಾಡಿದ್ದರು. ಅವನು ಹೆಮ್ಮಿಗೆಯಲ್ಲಿ ಅಪ್ಪನ ಗದ್ದೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ ಎಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಸಿದ್ದಯ್ಯ ಒಂದೂವರೆ ವರ್ಷ ಆ ಮಾತುಗಳನ್ನು ಕೇಳಿಕೊಂಡು ಟಿಕೆಟ್ ಹರಿದ.

1980ರ ಅಕ್ಟೋಬರಿನಲ್ಲಿ ಮೈಸೂರಿನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಸಂಘದವರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಸರ್ಕಾರಿ ವಕೀಲರು ಕೇಳಿದ ಮೊದಲ ಪ್ರಶ್ನೆಗೇ ಸಿದ್ದಯ್ಯ, "ತಳ್ಳಿದ್ದ ನೋಡ್ದೆ ಸ್ವಾಮಿ" ಅಂದ. ಹಿಂದಿನಿಂದ ಯಾರೋ "ಅಯ್ಯೋ" ಅಂದರು.

"ಪೊಲೀಸರ ಮುಂದೆ ನೋಡಲಿಲ್ಲ ಅಂದಿದ್ರಿ. ಆಗ ಸುಳ್ಳೋ, ಈಗ ಸುಳ್ಳೋ?" ಎಂದು ಮಹದೇವನ ಪರ ವಕೀಲರು ಎದ್ದರು.

"ಆಗ ಸುಳ್ಳು ಸ್ವಾಮಿ. ಅವ್ನ ಮೇಲಿನ ಅಭಿಮಾನಕ್ಕೆ ಯೋಳ್ಬುಟ್ಟೆ. ತಪ್ಪಾಯ್ತು."

ಕರಿಯಪ್ಪ ಎದ್ದದ್ದು, ನಕ್ಕದ್ದು, ಬೋಂಡ ತಿಂದದ್ದು, ಮಹದೇವ ಹೊಳೆ ಕಡೆಯಿಂದ ಒಬ್ಬನೇ ಬಂದದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿ ಕಟಕಟೆಯಿಂದ ಇಳಿದ. ಮಧ್ಯಾಹ್ನದ ಮೇಲೆ ಚಿಕ್ಕಮಾದಮ್ಮನನ್ನು ಕರೆದರು. ಆಕೆ ಬಟ್ಟೆಯ ಗಂಟೊಂದನ್ನು ಎದೆಗೆ ಒತ್ತಿಕೊಂಡು ಬಂದಳು. ಮಹದೇವನ ಪರ ವಕೀಲರು, "ನಿಮ್ಮ ಮಗ ಆರೋಗ್ಯವಾಗಿದ್ದನೇನಮ್ಮ?" ಎಂದು ವಾಡಿಕೆಯಂತೆ ಕೇಳಿದರು. ಆಕೆ ಗಂಟು ಬಿಚ್ಚಿ ಡಾಕ್ಟರ ಚೀಟಿಗಳನ್ನು ಮೇಜಿನ ಮೇಲಿಟ್ಟಳು.

"ಇಲ್ಲ ಬುದ್ದಿ. ಮೂರ್ಛೆ ಬತ್ತಿತ್ತು."

ಜಡ್ಜರು ಚೀಟಿಗಳನ್ನು ತಿರುಗಿಸಿ ನೋಡಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದರು.

"ಮದುವೆಗೆ ಬಂದ ಮಗಳವ್ಳೆ ಬುದ್ದಿ. ಅದ್ಕೆ ಯೋಳ್ನಿಲ್ಲ. ಆದ್ರೆ ಈ ಹುಡುಗನ್ಗೂ ಒಬ್ಬಳು ತಾಯಿ ಅವ್ಳೆ. ಬೆಳಗ್ಗಿಂದ ಬಾಕ್ಲಲ್ಲಿ ಕುಂತವ್ಳೆ, ನಾನು ನೋಡ್ದೆ."

ಹೆಣ ಪರೀಕ್ಷೆ ಮಾಡಿದ ಡಾಕ್ಟರು, ತಲೆಯ ಗಾಯ ಚರ್ಮದ ಮೇಲಿನದು, ಸಾವು ನೀರು ಕುಡಿದೇ ಆದದ್ದು ಅಂದರು. ತನ್ನ ಸರದಿ ಬಂದಾಗ ಮಹದೇವ, ತಳ್ಳಿದ್ದು ನಿಜ, ಕ್ಷಮೆ ಕೇಳಲು ಹೊಳೆಗೆ ಹೋಗಿದ್ದೆ, ಕರಿಯಪ್ಪ ಆಯಿತು ಬಿಡು ಅಂದ, ಬಂಡೆಯ ಮೇಲೆ ಕಾಲು ತೊಳೆಯುತ್ತಿದ್ದವನನ್ನು ಬಿಟ್ಟು ಬಂದೆ ಎಂದ. ಹನ್ನೆರಡು ದಿನಕ್ಕೆ ತೀರ್ಪು ಬಂತು. ಬಿಡುಗಡೆ.

ಕೋರ್ಟಿನ ಆವರಣದಲ್ಲಿ ದರ್ಜಿ ಪಟಾಕಿ ಸರ ಹೊರತೆಗೆದ. ವ್ಯಾಸರಾಜ ಮೇಷ್ಟರು ಅದನ್ನು ಕಿತ್ತುಕೊಂಡು, "ಒಂದು ಜೀವ ಹೋಗಿದೆ ಕಣಯ್ಯ, ಇದೇನು ಮ್ಯಾಚೇ?" ಎಂದು ಗದರಿದರು. ಆಮೇಲೆ ಸಿದ್ದಯ್ಯನ ಹತ್ತಿರ ಬಂದರು. ಅವನ ಎರಡೂ ಕೈ ಹಿಡಿದು ನಿಂತರು. ಅವರ ಕನ್ನಡಕದ ಒಳಗೆ ನೀರು ಇಳಿಯುತ್ತಿತ್ತು. ಸಿದ್ದಯ್ಯನಿಗೆ ಅಷ್ಟೇ ಸಾಕಾಯಿತು.

ಜನ ಸರಿದ ಮೇಲೆ ಮಹದೇವ ಬಂದ. ಇಳಿದುಹೋಗಿದ್ದ; ಫೋಟೋದಲ್ಲಿದ್ದವನು ಇವನೇ ಎಂದರೆ ನಂಬುವಂತಿರಲಿಲ್ಲ. "ನೀವು ತಳ್ಳಿದ್ದನ್ನ ಹೇಳಿದಾಗ ನನಗೆ ಉಸಿರು ಬಂದಂಗಾಯ್ತು ಅಣ್ಣ. ಆ ಮಾತನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ. ನನ್ನ ಅವರ ಮನೆಗೆ ಕರ್ಕೊಂಡು ಹೋಗ್ತೀರಾ?"

ಆ ಭಾನುವಾರ ಬೆಳಿಗ್ಗೆ ಇಬ್ಬರೂ ಹೆಮ್ಮರಗಾಲಕ್ಕೆ ಹೋದರು. ಚಿಕ್ಕಮಾದಮ್ಮ ಚಾಪೆ ಹಾಸಿದಳು. ಕೆಂಪಾಜಮ್ಮ ಮಜ್ಜಿಗೆ ತಂದಿಟ್ಟಳು. ಮಹದೇವ ಲೋಟ ಮುಟ್ಟದೆ ತಲೆ ತಗ್ಗಿಸಿಯೇ ಇದ್ದ.

"ಆ ಏಟಿಂದ್ಲೇ ಮೂರ್ಛೆ ಬಂತೇನೋ ಅವ್ವ. ಕೋರ್ಟು ಬಿಟ್ರೂ ಅದು ನನ್ನ ಬಿಡ್ತಿಲ್ಲ."

"ಬಂದಿರ್ಬೌದು, ಬರ್ದೆಯೂ ಇರ್ಬೌದು. ಏಟು ಬೀಳ್ದೇನೆ ಎಷ್ಟು ಸಲ ಬಂದಿಲ್ಲ? ನಾನು ಅದ ಕೇಳಾದ ಬುಟ್ಟಿದೀನಿ ಕಣ್ ಮಗ. ನೀನೂ ಬುಡು. ಮಜ್ಜಿಗೆ ಕುಡಿ."

ಅವನು ಕುಡಿದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ತಗಡೂರಿನ ರಂಗನಾಯಕ, ಗಂಡಿನ ಅಪ್ಪ. ಕೈಯಲ್ಲಿ ಮಡಿಚಿದ ಪೇಪರು. ಚಿಕ್ಕಮಾದಮ್ಮ ಎದ್ದು ಗೋಡೆಗೆ ಒರಗಿ ನಿಂತಳು. ಕೆಂಪಾಜಮ್ಮ ಒಳಗೆ ಹೋಗಿಬಿಟ್ಟಳು.

"ಪೇಪರ್ನಲ್ಲಿ ಎಲ್ಲಾ ಆಕವ್ರೆ ಬೀಗಿತ್ತಿ," ಅಂದ ರಂಗನಾಯಕ.

"ಓದ್ಸಿದೀರಾ."

"ಓದುಸ್ದೆ. ನೀನು ಇಷ್ಟು ದಿನ ಇದ್ನ ಬಚ್ಚಿಟ್ಕಂಡು ಒದ್ದಾಡುದ್ಯಲ್ಲ ಅಂತ ನಮ್ಮನೆಯೋಳು ಅಳ್ತಾ ಕುಂತವ್ಳೆ. ಮೂರು ವರ್ಸ ಆಯ್ತು, ಕಬ್ಬು ಕಡಿಯಕ್ಕೆ ಬಂದಿದ್ದಾಗ ಕರಿಯಪ್ಪ ನಮ್ ಗದ್ದೇಲೇ ಬಿದ್ದಿದ್ದ. ನನ್ ಮಗನೇ ಎತ್ತಿ ಕೂರ್ಸಿದ್ದು. ಎಣ್ಣು ಕೇಳಕ್ ಬರಾಕ್ ಮುಂಚೇನೇ ನಮ್ಗೆ ಗೊತ್ತಿತ್ತು. ನೀನು ಯೋಳ್ನಿಲ್ಲ ಅಂತ ನಾವೂ ಕೇಳ್ನಿಲ್ಲ."

ಚಿಕ್ಕಮಾದಮ್ಮ ಗೋಡೆಯ ಉದ್ದಕ್ಕೂ ಜಾರಿ ಹಾಗೇ ನೆಲಕ್ಕೆ ಕೂತಳು. ಮೊದಲು ನಕ್ಕಳು, ಆಮೇಲೆ ಅತ್ತಳು, ಮತ್ತೆ ನಕ್ಕಳು. ಒಳಗಿನಿಂದ ಕೆಂಪಾಜಮ್ಮನ ಬಿಕ್ಕು ಕೇಳಿತು. ಏನು ಮಾಡಬೇಕೆಂದು ತಿಳಿಯದೆ ರಂಗನಾಯಕ ಚಾಪೆಯ ತುದಿಯಲ್ಲಿ ಕೂತು ಮಹದೇವನ ಮುಖ ನೋಡಿದ. "ನೀವೇ ಅಲ್ವಾ ಆ ಆಟಗಾರ್ರು? ಮದ್ವೆ ಬ್ಯಾಸ್ಗೆಗೆ. ಬಂದ್ ಬುಡಿ" ಅಂದ.

ಮಹದೇವ ಬಂದ. ಕಾರ್ಖಾನೆಯವರು ಅಷ್ಟರಲ್ಲಿ ಅವನನ್ನು ಮತ್ತೆ ತೆಗೆದುಕೊಂಡಿದ್ದರು. ಆಟ ಮೊದಲಿನ ಚುರುಕಿಗೆ ಮರಳಲಿಲ್ಲವಾದರೂ ತಂಡದಲ್ಲಿ ಜಾಗವಿತ್ತು. ರಜೆ ಹಾಕಿ ಎರಡು ದಿನ ಮುಂಚೆಯೇ ಬಂದು, ಕರಿಯಪ್ಪ ಇದ್ದಿದ್ದರೆ ಮಾಡಬೇಕಾಗಿದ್ದ ಓಡಾಟವನ್ನೆಲ್ಲ ಮಾಡಿದ. ಊಟದ ಪಂಕ್ತಿಯಲ್ಲಿ ವ್ಯಾಸರಾಜ ಮೇಷ್ಟರು ಸಿದ್ದಯ್ಯನ ಪಕ್ಕದಲ್ಲೇ ಕೂತಿದ್ದರು. ರಾಮಮ್ಮ ಬಡಿಸುತ್ತ ಬಂದು, ಗಂಡನ ಎಲೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದಳು. ಸಿದ್ದಯ್ಯ ಅದನ್ನೂ ತಿಂದ.