ಒಂದೇ ಪಾತ್ರೆ

"ಏ, ಬಾಗಲಾ ಮುಟ್ಟಬ್ಯಾಡ! ಹೇಲಗೈಲೆ ಬಾಗಲಾ ಹಿಡೀತಿಯಲ್ಲ, ನಿನ್ನ ಕೈಗಿಷ್ಟು ಬೆಂಕಿ ಹಾಕ!"

ರಜನಿಬಾಯಿ ಮೂಗಿಗೆ ಸೆರಗು ಅಡ್ಡ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಹುಲಿಗೆಮ್ಮ ಕೈ ಹಿಂದೆಗೆದಳು. ಕಟ್ಟಿಕೊಂಡಿದ್ದ ಪಾಯಿಖಾನೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಆ ಮನೆಯವರು ತುರುಕಿದ್ದ ಬಟ್ಟೆ, ಕೂದಲು, ಬಾಯಿಬಿಟ್ಟು ಹೇಳಬಾರದ್ದನ್ನೆಲ್ಲ ಎಳೆದು ಹಾಕಿ ಆಗಷ್ಟೇ ಎದ್ದಿದ್ದಳು. ಹೊಲಸು ಅವರದು, ನಾತ ಅವರದು, ಬೈಗುಳ ಮಾತ್ರ ಇವಳಿಗೆ.

"ಚಾ ಕುಡದ ಹೋಗು. ನಿನ್ನ ಪಾತರ್ ತಗೋ."

ಹಿತ್ತಿಲ ಗೋಡೆಯ ಗೂಡಿನಲ್ಲಿ ಕಿವಿ ಮುರಿದ ಕಪ್ಪೊಂದಿತ್ತು. ಗುಜರಾತಿನ ಈ ವಡೋದರಾ ಸೀಮೆಯಲ್ಲಿ ಇದಕ್ಕೆ ರಾಮ್‌ಪಾತರ್ ಎನ್ನುತ್ತಾರೆ. ಮುಟ್ಟಬಾರದ ಜಾತಿಯವರಿಗೆಂದೇ ಮನೆಯ ಹೊರಗಿಡುವ ಕಪ್ಪು. ರಜನಿಬಾಯಿ ಬೆಟಗೇರಿಯ ಹಳೇ ಕ್ರೈಸ್ತ ಮನೆತನದ ಮಗಳು, ಗಂಡ ಇಲ್ಲಿನ ಮಕರಪುರದ ಕಾರ್ಖಾನೆಯಲ್ಲಿ ಎಂಜಿನಿಯರ್. ಕ್ರಿಸ್ತನೇ ಈ ಮನೆಯ ಯಜಮಾನ ಎಂಬ ಹಲಗೆ ಮುಂಬಾಗಿಲ ಮೇಲಿತ್ತು. ಯಜಮಾನನಿಗೆ ಹಿತ್ತಿಲ ಕಡೆ ಬರುವ ರೂಢಿ ಇರಲಿಲ್ಲವೇನೋ.

ಮೇಲಿನಿಂದ ಚಹಾ ಸುರಿಯುತ್ತ ರಜನಿಬಾಯಿ ದನಿ ಮೆತ್ತಗೆ ಮಾಡಿದಳು. "ಗಂಡನ್ನ ನೆನಸಿ ಎಷ್ಟ ದಿನಾ ಅಳತಿ, ಹುಲಿಗಿ? ಐತವಾರ ನಮ್ಮ ಸಭಾಕ್ಕ ಬಾ. ಎದಿ ತೆರಿ. ಯೇಸುಸ್ವಾಮಿ ಒಳಗ ಬಂದ್ರ ಹೊಸಾ ಹುಟ್ಟ ಹುಟ್ಟೀದಂಗ ಆಗ್ತೈತಿ."

"ಅಲ್ಲಿಗೂ ಈ ಪಾತರ್ ತರಬೇಕೇನ್ರಿ ಅಕ್ಕಾರ?"

"ಛೀ ಛೀ! ದೇವರ ಮನಿಯಾಗ ಎಲ್ಲಾರಿಗೂ ಒಂದ ಪಾತ್ರಿ. ಅದರಾಗ ಎಲ್ಲಾರೂ ತುಟಿ ಹಚ್ಚಿ ಕುಡೀತೇವಿ."

ಆ ಮಾತು ಹುಲಿಗೆಮ್ಮನ ಮನಸ್ಸಿಗೆ ನಾಟಿತು. ಲಿಂಗಸುಗೂರು ಕಡೆಯಿಂದ ಗಂಡನ ಬೆನ್ನು ಹತ್ತಿ ಈ ಊರಿಗೆ ಬಂದವಳು. ಗಟಾರದೊಳಗೆ ಇಳಿದ ಗಂಡ ಗ್ಯಾಸಿಗೆ ಸಿಕ್ಕಿ ಅಲ್ಲೇ ಸತ್ತ. ಗುತ್ತಿಗೆದಾರ ಕೊಕ್ಕೆ ಹಾಕಿ ಹೆಣ ಎಳೆಸಿದ, ಮೇಲಕ್ಕೆ ಬಂದ ಮೇಲೂ ಯಾರೂ ಮುಟ್ಟಲಿಲ್ಲ. ಅವತ್ತಿನಿಂದ ಅವಳಿಗೆ ನೆಟ್ಟಗೆ ನಿದ್ದೆಯಿಲ್ಲ.

ಕನ್ನಡದವರ ಸಭೆ ಒಂದು ಶಾಲೆಯ ಹಾಲ್‌ನಲ್ಲಿ ಕೂಡುತ್ತಿತ್ತು. ಹುಲಿಗೆಮ್ಮ ಚಪ್ಪಲಿ ಬಿಟ್ಟ ಜಾಗದಲ್ಲಿ ಕೂತಳು. ಪಾಸ್ಟರ್ ಕಿಶೋರ್ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವ್ವ ಸತ್ತ ಮೇಲೆ ಆ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಒಳಗೆ ಎಲ್ಲೋ ಕಟ್ಟಿಕೊಂಡಿದ್ದ ಮೋರಿ ಬಿಟ್ಟಂತಾಗಿ ಹುಲಿಗೆಮ್ಮ ಬಾಯಿಬಿಟ್ಟು ಅತ್ತಳು. ಅಳು ನಿಂತಾಗ ಎದೆ ಹಗುರಾಗಿತ್ತು, ಒಳಗೆ ಯಾರೋ ಬಂದು ಕೂತಿದ್ದರು. ಅದು ಸುಳ್ಳಲ್ಲ. ಮಳೆಗಾಲದಲ್ಲಿ ದೀಕ್ಷಾಸ್ನಾನವೂ ಆಯಿತು. ಒಂದು ಆತ್ಮವನ್ನು ತಂದಳೆಂದು ಸಭೆ ರಜನಿಬಾಯಿಗೆ ಚಪ್ಪಾಳೆ ತಟ್ಟಿತು.

ತಿಂಗಳಿಗೊಮ್ಮೆ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ಕರ್ತನ ಭೋಜನಕ್ಕೆ ಮೊದಲ ಸಲ ಹೋದ ದಿನ ಹುಲಿಗೆಮ್ಮ ಸಾಬೂನು ಸವೆಯುವಷ್ಟು ಕೈ ತಿಕ್ಕಿದ್ದಳು. ಎಲ್ಲರೂ ಸಾಲಾಗಿ ಮೊಣಕಾಲೂರಿದರು. ಬೆಳ್ಳಿ ಬಣ್ಣದ ಪಾತ್ರೆ ತುಟಿಯಿಂದ ತುಟಿಗೆ ದಾಟುತ್ತ ಹತ್ತಿರ ಬಂತು. ತನ್ನೆದುರು ನಿಂತದ್ದೇ ಹುಲಿಗೆಮ್ಮನ ಎರಡೂ ಕೈ ತಾವಾಗಿಯೇ ಬೊಗಸೆಯಾಗಿ ಮುಂದೆ ಚಾಚಿಕೊಂಡವು. ಹುಟ್ಟಿದಾಗಿನಿಂದ ನೀರು ಬಂದದ್ದು ಹಾಗೆಯೇ. ಪಾಸ್ಟರ್ ತಡೆದು ನಿಂತರು.

ಪಕ್ಕದಲ್ಲಿದ್ದ ರಜನಿಬಾಯಿ ಪಿಸುಗುಟ್ಟಿದಳು, "ಇರ್ಲಿ ಪಾಸ್ಟರ್, ಆಕಿಗೆ ಹಂಗ ರೂಢಿ. ಹಾಕಿಬಿಡ್ರಿ. ಸೂರತ್ತಿನ್ಯಾಗ ಪ್ಲೇಗ್ ಬ್ಯಾರೆ ಬಂದೈತಿ."

ಪಾಸ್ಟರ್ ಸುರಿದರು. ದ್ರಾಕ್ಷಾರಸ ಬೆರಳ ಸಂದಿಯಿಂದ ಸೋರಿ ಮೊಣಕೈಗೆ ಇಳಿಯಿತು. ಅದೇ ಪಾತ್ರೆ ಆಮೇಲೆ ರಜನಿಬಾಯಿಯ ತುಟಿಗೆ ಹೋಯಿತು, ಅವಳಾಚೆ ಕೂತವರ ತುಟಿಗೂ ಹೋಯಿತು. ಪ್ಲೇಗಿನ ಭಯ ಅಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಸಭೆ ಮುಗಿದ ಮೇಲೆ ಹುಲಿಗೆಮ್ಮ ಪಾಸ್ಟರ್ ಹತ್ತಿರ ಹೋದಳು. ಅವರು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು.

"ನಂದ ತಪ್ಪಾತ್ರಿ ಅಯ್ಯನೋರ. ಬರೂ ತಿಂಗಳ ಪಾತ್ರಿ ಹಿಡದ ಕುಡೀತೀನ್ರಿ."

"ನೋಡಮ್ಮ, ದೇವರು ಹೃದಯ ನೋಡ್ತಾನೆ, ಪಾತ್ರೆ ಅಲ್ಲ. ಕೆಲವರಿಗೆ ಕಸಿವಿಸಿ ಆಗುತ್ತೆ. ನೀನು ಬೊಗಸೇಲೇ ತಗೋ, ಅದರಲ್ಲಿ ವಿನಯ ಇದೆ."

ಹುಲಿಗೆಮ್ಮ ಚಪ್ಪಲಿ ಮೆಟ್ಟಿ ಹೊರಬಿದ್ದಳು. "ಇವರ ವಿನಯಕ್ಕ ಮಣ್ಣ ಹಾಕ! ಹಾಟ್ಯಾನ ಮಕ್ಕಳು, ಪಾತರ್ ಒಂದ ಬಿಟ್ಟ ಬಂದಾರ, ಬುದ್ಧಿ ಕಟಗೊಂಡ ಬಂದಾರ" ಎಂದು ದಾರಿಯುದ್ದಕ್ಕೂ ಬೈದಳು. ಆದರೆ ಯೇಸುಸ್ವಾಮಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನನ್ನು ಇವರ ಕೈಗೆ ಬಿಟ್ಟು ಹೋಗಲು ಮನಸ್ಸೂ ಬರಲಿಲ್ಲ.

ಮರುತಿಂಗಳು ರಜನಿಬಾಯಿ ಎಲ್ಲಿ ಮೊಣಕಾಲೂರಿದಳೋ ನೋಡಿಕೊಂಡು, ಹುಲಿಗೆಮ್ಮ ಅವಳ ಪಕ್ಕಕ್ಕೇ ಹೋಗಿ ಊರಿದಳು. ಹಿಂದೆ ಸಭೆಯವರು ಹಾಡುತ್ತಿದ್ದರು. ಪಾತ್ರೆ ಎದುರಿಗೆ ಬಂತು. ಪಾಸ್ಟರ್ ಬೊಗಸೆಗಾಗಿ ಕಾದರು. ಹುಲಿಗೆಮ್ಮ ಪಾತ್ರೆಗೇ ಕೈ ಹಾಕಿ ಕಿತ್ತುಕೊಂಡಳು, ಎರಡೂ ತುಟಿ ಅಂಚಿಗೊತ್ತಿ ಗುಟುಕರಿಸಿದಳು. ಸಾಲಿನಲ್ಲಿ ಯಾರೋ ಛೀ ಎಂದರು. ಪಾಸ್ಟರ್ ಅಂಚು ಒರೆಸಲು ಬಿಳಿ ಬಟ್ಟೆ ಹಿಡಿದು ಬಾಗಿದರು.

"ಒರಸಬ್ಯಾಡ್ರಿ ಅಯ್ಯನೋರ. ಇಷ್ಟ ಮಂದಿದು ಒರಸಲಿಲ್ಲ, ನಂದ ಯಾಕ?"

ಪಾತ್ರೆಯನ್ನು ಅವರಿಗೆ ಕೊಡದೆ ಪಕ್ಕಕ್ಕೆ ತಿರುಗಿದಳು. "ಅಕ್ಕಾರ, ಈಗ ನಿಮ್ಮ ಪಾಳಿ."

ರಜನಿಬಾಯಿಯ ಸೆರಗು ಮೂಗಿಗೆ ಏರಿತ್ತು.

"ಸೆರಗ ತಗೀರಿ. ನಿಮ್ಮ ಹೇಲಾಗ ಕೈಯಿಟ್ಟಾಗ ನಾ ಮೂಗ ಮುಚ್ಚಿಲ್ರಿ. ನೀವ ಹೇಳಿದ್ರಿ ಅಂತ ಎದಿ ತೆರದೀನಿ. ನೀವು ಬರೇ ಬಾಯಿ ತೆರೀರಿ."

ಹಾಲ್‌ನಲ್ಲಿ ಹಾಡು ನಿಂತಿತು. ಸಾಲಿನ ಕೊನೆಯವರೆಗೂ ಜನ ಮೊಣಕಾಲ ಮೇಲೇ ಇದ್ದರು, ಏಳುವಂತಿರಲಿಲ್ಲ, ಕುಡಿಯುವಂತೆಯೂ ಇರಲಿಲ್ಲ. ಪಾತ್ರೆಯ ಅಂಚು ರಜನಿಬಾಯಿಯ ತುಟಿಗೆ ತಾಗಿತ್ತು. ಅವಳು ಹಲ್ಲು ಕಚ್ಚಿ ಹಿಡಿದಿದ್ದಳು, ಕೆಂಪು ರಸ ಗದ್ದದಿಂದ ಇಳಿದು ಬಿಳಿ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಹುಲಿಗೆಮ್ಮ ಕೈ ಇಳಿಸಲಿಲ್ಲ.